ಖಾಲಿ ಬೀಕರಿನಲ್ಲಿ ಸೀಸ

ನಾನು ಹುಟ್ಟಾ ಅಂಜುಬುರುಕಿ. ಗದಗದ ಕಡೆಯ ನಮ್ಮ ಮನೆಗೆ ಯಾರೇ ಬರಲಿ, ಅವ್ವ ಚಹಾದ ಜೊತೆಗೆ "ಈಕಿ ತನ್ನ ನೆಳ್ಳಿಗೇ ಅಂಜತಾಳ ನೋಡ್ರಿ" ಎಂಬ ಮಾತನ್ನೂ ಬಡಿಸುತ್ತಿದ್ದಳು. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವವಳು ನಾನು. ಇಂಥ ಸ್ವಭಾವಕ್ಕೂ ತಿಂಗಳ ಸಂಬಳ ಕೊಡುವ ಕೆಲಸ ಒಂದಿದೆ ಎಂದು ಗೊತ್ತಾದದ್ದು ರಸಾಯನಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ ಬೆಂಗಳೂರಿಗೆ ಬಂದು, ಜೆ.ಪಿ. ನಗರದ ಒಂದು ಸಣ್ಣ ಖಾಸಗಿ ಲ್ಯಾಬಿಗೆ ಸೇರಿದ ಮೇಲೆ. ಲ್ಯಾಬಿನಲ್ಲಿ ಮೊಬೈಲ್ ಫೋನು ಅದನ್ನು ನಡೆಸುವ ಸಾಹೇಬರ ಸೊಂಟದಲ್ಲಿ ಮಾತ್ರ ಇದ್ದ ಕಾಲ ಅದು.

ನಮ್ಮಲ್ಲಿಗೆ ಬರುತ್ತಿದ್ದುದು ನೀರು, ಕೆರೆಯ ಕೆಸರು, ಸೊಪ್ಪು, ಹಾಲು, ಒಮ್ಮೊಮ್ಮೆ ಕಾರ್ಖಾನೆಯ ಗಟಾರದಿಂದ ತೆಗೆದ, ಹೆಸರಿಡಲಾಗದ ಕಪ್ಪು ದ್ರವ. ಅದರಲ್ಲಿ ಅಣುವಿನಷ್ಟು ಅಡಗಿರುವ ವಿಷವನ್ನು ಹುಡುಕುವುದು ಲ್ಯಾಬಿನ ಕೆಲಸ. ಎಲ್ಲರೂ ಅಳೆಯುವ ಯಂತ್ರವನ್ನೇ ದೊಡ್ಡದಾಗಿ ನೋಡುತ್ತಾರೆ. ಆದರೆ ಯಂತ್ರ ಕೆಸರನ್ನು ಕುಡಿಯುವುದಿಲ್ಲ. ಕೆಸರನ್ನು, ಸೊಪ್ಪನ್ನು, ಹಾಲನ್ನು ಆ್ಯಸಿಡ್ಡಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಜಿಡ್ಡು ನಾರು ಎಲ್ಲ ಕರಗಿಸಿ, ಸೋಸಿ, ಕನ್ನಡಿಯಂತೆ ತಿಳಿಯಾದ ನೀರು ಮಾಡಿ ಕೊಟ್ಟರೆ ಮಾತ್ರ ಅದು ಬಾಯಿ ತೆರೆಯುತ್ತದೆ. ಆ ಬೇಯಿಸುವ, ಸೋಸುವ ಕೆಲಸ ನನ್ನದು. ಅಡುಗೆಯವಳು ಎಂದುಕೊಂಡರೂ ತಪ್ಪಿಲ್ಲ.

ಈ ಅಡುಗೆಯಲ್ಲಿ ಹೆದರಬೇಕಾದದ್ದು ಹೊರಗಿನ ಕೊಳೆಗೆ. ಹುಡುಕುತ್ತಿರುವ ಸೀಸದಂಥ ವಿಷ ಎಷ್ಟು ಕಡಿಮೆಯೆಂದರೆ, ಬೀದಿಯ ಒಂದು ಚಿಟಿಕೆ ಧೂಳು ಬೀಕರಿಗೆ ಬಿದ್ದರೂ ಲೆಕ್ಕವೆಲ್ಲ ತಲೆಕೆಳಗು. ಅದಕ್ಕೇ ಬೀಕರುಗಳನ್ನು ಹಿಂದಿನ ದಿನವೇ ಆ್ಯಸಿಡ್ಡಿನಲ್ಲಿ ನೆನೆಹಾಕಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಬೋರಲು ಹಾಕಿ ಒಣಗಿಸುತ್ತಿದ್ದೆ. ಕೈಬಳೆ ತೆಗೆದಿಡುತ್ತಿದ್ದೆ. ಸಾಲದೆಂದು ಪ್ರತಿಸಲವೂ ಸ್ಯಾಂಪಲ್ಲುಗಳ ಜೊತೆಗೆ ಒಂದು ಖಾಲಿ ಬೀಕರನ್ನೂ ಕುದಿಯಲು ಇಡಬೇಕು. ಅದಕ್ಕೆ ಅದೇ ಆ್ಯಸಿಡ್, ಅದೇ ಶಾಖ, ಅದೇ ಸೋಸುವ ಕಾಗದ; ಸ್ಯಾಂಪಲ್ ಮಾತ್ರ ಇರುವುದಿಲ್ಲ. ಬ್ಲ್ಯಾಂಕ್ ಎನ್ನುತ್ತಿದ್ದೆವು. ಬ್ಲ್ಯಾಂಕಿನಲ್ಲಿ ಸೀಸ ಕಂಡರೆ ಅದು ನಮ್ಮ ಆ್ಯಸಿಡ್ಡಿನದು ಎಂದು ಅರ್ಥ, ಅಷ್ಟನ್ನು ಸ್ಯಾಂಪಲ್ಲಿನ ಲೆಕ್ಕದಿಂದ ಕಳೆಯಬೇಕು. ಈ ಕಳೆಯುವ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ನನ್ನನ್ನು ಮುಳುಗಿಸಿದ್ದು ಅದೇ.

ಲ್ಯಾಬಿನಲ್ಲಿ ನಾವಿದ್ದದ್ದು ಮೂವರು. ಮೈಸೂರು ಕಡೆಯ ಸಾಹೇಬರು, ಯಂತ್ರ ನಡೆಸುವ ಒಬ್ಬ ಹಿರಿಯ ಸಹೋದ್ಯೋಗಿ, ಮತ್ತೆ ನಾನು. ಆ ಸಹೋದ್ಯೋಗಿ ಬಸವನಗುಡಿಯಲ್ಲಿ ಹುಟ್ಟಿ ಬನಶಂಕರಿಯಲ್ಲಿ ಬೆಳೆದ ಮನುಷ್ಯ, ಯಂತ್ರವನ್ನೂ "ಗುರು" ಎಂದೇ ಮಾತಾಡಿಸುತ್ತಿದ್ದರು. ನನ್ನ ಮಾತಿನ ಕೊನೆಯ "ರೀ"ಗಳನ್ನು ಎಣಿಸಿ, ಇವತ್ತಿಗೆ ನಲವತ್ತಾಯಿತು ಎಂದು ಸಂಜೆ ಹೇಳುತ್ತಿದ್ದರು. ಒಳ್ಳೆಯವರು.

ಆ ವರ್ಷ ಆಯುಧಪೂಜೆ ಬಂತು. ಹೆಣ್ಣುಮಗಳು ನೀನೊಬ್ಬಳೇ, ನೀನೇ ಮಾಡಮ್ಮ ಎಂದು ಸಾಹೇಬರು ಪೂಜೆಯ ಹೊಣೆಯನ್ನು ನನಗೆ ಒಪ್ಪಿಸಿದರು. ನಾನಿದ್ದದ್ದು ಬಿಟಿಎಂ ಬಡಾವಣೆಯಲ್ಲಿ, ಊರ ಕಡೆಯ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಕೋಣೆಯಲ್ಲಿ. ಹಿಂದಿನ ಸಂಜೆ ಮಡಿವಾಳದ ಮಾರ್ಕೆಟ್ಟಿಗೆ ಹೋಗಿ ಬೂದುಗುಂಬಳ, ಸೇವಂತಿಗೆ, ನಿಂಬೆಹಣ್ಣು, ಕಡ್ಲೆಪುರಿ ಎಲ್ಲ ತಂದೆ. ಕುಂಕುಮವನ್ನೂ ಅಲ್ಲಿಯೇ, ರಾಶಿ ಹಾಕಿಕೊಂಡು ಕೂತಿದ್ದ ಹೆಂಗಸಿನ ಹತ್ತಿರ ಕೊಂಡೆ. ಎರಡು ರಾಶಿಗಳಿದ್ದವು, ಒಂದು ಮಂಕು, ಒಂದು ಕಣ್ಣು ಕುಕ್ಕುವಷ್ಟು ಕೆಂಪು. ದೇವರ ಕೆಲಸಕ್ಕೆ ಮಂಕು ಕುಂಕುಮ ಏಕೆಂದು ಕೆಂಪನೆಯದನ್ನೇ ಕಟ್ಟಿಸಿಕೊಂಡು ಬಂದೆ.

ಪೂಜೆಯನ್ನು ಮನಸಾರೆ ಮಾಡಿದೆ. ನಮ್ಮದು ವಿಭೂತಿ ಹಚ್ಚುವ ಮನೆತನ. ತಕ್ಕಡಿಗೆ, ಒಲೆಗೆ, ಯಂತ್ರಕ್ಕೆ ಮೂರು ಬೆರಳಿನ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟೆ. ಆ್ಯಸಿಡ್ ಕುದಿಸುವ ಜಾಗ ನಮ್ಮಲ್ಲಿ ಒಂದು ಗಾಜಿನ ಗೂಡು. ಮೇಲೊಂದು ಫ್ಯಾನು ಇದ್ದು ಹೊಗೆಯನ್ನು ಹೊರಗೆ ಎಳೆಯುತ್ತದೆ. ಅದರ ಹೊರಗಾಜನ್ನು ದಿನವೂ ಒರೆಸುತ್ತಾರೆ, ಅಲ್ಲಿಟ್ಟರೆ ಮಾರನೆಯ ದಿನವೇ ಅಳಿಸಿಹೋಗುತ್ತದೆ. ಒಳಗಡೆ, ಮೇಲಿನ ಪಟ್ಟಿಯ ಮೇಲೆ ಇಟ್ಟರೆ ಉಳಿದೀತು ಎಂದು ಅಲ್ಲಿ ಧಾರಾಳವಾಗಿ ಹಚ್ಚಿದೆ. ಪೂಜೆ ಮಾಡಿದ್ದನ್ನು ಕೈಯಾರೆ ಒರೆಸಬಾರದು, ತಾನಾಗಿಯೇ ಹೋಗಬೇಕು ಎಂಬುದು ನಮ್ಮವ್ವನ ಕಟ್ಟಳೆ. ಹೊಸಿಲ ಕುಂಕುಮವನ್ನು ಸಾರಿಸುವಾಗಲೂ ಅವಳು ಸುತ್ತಲೇ ಸಾರಿಸುತ್ತಿದ್ದಳು. ಬಳೆ ತೆಗೆದಿಟ್ಟು, ಬೀಕರನ್ನು ಮೂರು ಸಲ ತೊಳೆಯುವ ನನಗೆ, ಬೀಕರಿನ ನೆತ್ತಿಯ ಮೇಲೆ ಕುಂಕುಮ ಇರುವುದು ಕೊಳೆ ಎಂದು ಹೊಳೆಯಲೇ ಇಲ್ಲ. ಕುಂಕುಮ ಹೇಗೆ ಕೊಳೆಯಾದೀತು?

ಹಬ್ಬ ಮುಗಿದ ಮೇಲೆ ಬಂದ ಮೊದಲ ಸ್ಯಾಂಪಲ್ಲುಗಳಲ್ಲಿ ಒಂದು ಸಾರಕ್ಕಿಯ ಹಳೇ ಊರಿನದು. ಐವತ್ತು ದಾಟಿದ ಒಬ್ಬ ಹೆಂಗಸು ಪ್ಲಾಸ್ಟಿಕ್ ಕ್ಯಾನಿನಲ್ಲಿ ನೀರು ಹಿಡಿದು ತಾನೇ ಹೊತ್ತು ತಂದಿದ್ದರು. ಅವರು ತಮ್ಮ ಮನೆಯ ನಡುಮನೆಯಲ್ಲಿ ಇಪ್ಪತ್ತು ಚಿಲ್ಲರೆ ಮಕ್ಕಳನ್ನು ಕೂರಿಸಿಕೊಂಡು ಶಿಶುವಿಹಾರ ನಡೆಸುತ್ತಿದ್ದರು. ಅಂಗಳದ ಹಳೆಯ ಬಾವಿಗೆ ಚಪ್ಪಡಿ ಮುಚ್ಚಿ ಕೈಪಂಪು ಕೂರಿಸಿದ್ದರಂತೆ, ಮಕ್ಕಳಿಗೆ ಅದೇ ನೀರು. ಹಿಂದಿನ ಗೋಡೆಯಾಚೆ ಒಬ್ಬ ಗಾಡಿಗಳ ಹಳೇ ಬ್ಯಾಟರಿ ಬಿಚ್ಚಿ ರಿಪೇರಿ ಮಾಡುವ ಅಂಗಡಿ ಇಟ್ಟ ಮೇಲೆ, ನೀರು ಯಾಕೋ ಹುಳಿ ಎಂದು ಒಂದು ಮಗುವಿನ ತಂದೆ ಗೊಣಗಿದ್ದರಂತೆ. ಬ್ಯಾಟರಿ ಎಂದಕೂಡಲೇ ನಮಗೆ ಸೀಸ ಎಂದು ಅರ್ಥವಾಯಿತು. ಸೀಸ ದೊಡ್ಡವರಿಗಿಂತ ಮಕ್ಕಳಿಗೆ ಕೇಡು. ಮೈಗೆ ಹೋದದ್ದು ಮೆದುಳನ್ನು ಹಿಡಿಯುತ್ತದೆ, ಕಲಿಯುವ ಬುದ್ಧಿ ಮಂದವಾಗುತ್ತದೆ, ಹೊರಗೆ ಮಾತ್ರ ಏನೂ ಕಾಣುವುದಿಲ್ಲ. ಆಕೆ ಕಾಯಿಸಿ ಕೊಟ್ಟರೆ ಆಗುತ್ತದಾ ಎಂದು ಕೇಳಿದ್ದರು. ಕಾಯಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಸೀಸವಲ್ಲ. ನಾನು ಲ್ಯಾಬಿನಲ್ಲಿ ಮಾಡುತ್ತಿದ್ದುದೂ ಅದನ್ನೇ, ಒಂದು ಲೀಟರು ನೀರನ್ನು ಆ್ಯಸಿಡ್ ಹಾಕಿ ಕುದಿಸಿ ಕುದಿಸಿ ಒಂದೆರಡು ಚಮಚಕ್ಕೆ ಇಳಿಸುವುದು.

ಅವತ್ತು ಬೆಳಗಿನಿಂದ ಸಂಜೆಯವರೆಗೆ ಗೂಡಿನ ಮುಂದೆ ನಿಂತು ಅದನ್ನು ಇಳಿಸಿದೆ. ಬ್ಲ್ಯಾಂಕಿನ ಬೀಕರು ಯಾವಾಗಲೂ ಮುಂದಿನ ಎಡಮೂಲೆಯಲ್ಲಿ, ಸ್ಯಾಂಪಲ್ಲುಗಳು ಹಿಂದೆ. ಮಾರನೆಯ ದಿನ ಯಂತ್ರಕ್ಕೆ ಕೊಟ್ಟಾಗ ಬ್ಲ್ಯಾಂಕಿನಲ್ಲಿ ಸೀಸ ಎಂದಿಗಿಂತ ಹೆಚ್ಚು ತೋರಿಸಿತು. ಸಹೋದ್ಯೋಗಿ ಹುಬ್ಬೇರಿಸಿದರು. ಹಬ್ಬದ ನಂತರ ಹೊಸ ಆ್ಯಸಿಡ್ ಬಾಟಲಿಯ ಸೀಲು ಒಡೆದಿದ್ದೆ. ಸೀಸ ಅದರಲ್ಲೇ ಇರಬೇಕು, ಹಾಗಿದ್ದರೆ ಎಲ್ಲ ಬೀಕರಿಗೂ ಸಮನಾಗಿ ಬಂದಿರುತ್ತದೆ, ಕಳೆದರಾಯಿತು ಎಂದು ನಾನೇ ಹೇಳಿದೆ. ಅವರೂ ಒಪ್ಪಿದರು. ಕಳೆದೆವು. ಬಾವಿಯ ನೀರಿನ ಸೀಸ ಕುಡಿಯುವ ನೀರಿಗೆ ಸರ್ಕಾರ ಹಾಕಿದ ಮಿತಿಯ ಗೆರೆಯ ಕೆಳಗೆ, ಕೂದಲೆಳೆಯಷ್ಟು ಕೆಳಗೆ ಬಂದು ನಿಂತಿತು. ಸಾಹೇಬರು ಸಹಿ ಹಾಕಿದರು. ಮಂಗಳವಾರ ಆಕೆ ರಿಪೋರ್ಟು ಒಯ್ಯಲು ಬಂದರು. ಇಂಗ್ಲಿಷಿನಲ್ಲಿದ್ದ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನನ್ನ ಮುಖ ನೋಡಿದರು.

"ಏನೂ ತ್ರಾಸಿಲ್ರಿ. ಕುಡೀಬಹುದ್ರಿ" ಎಂದೆ.

ಗುರುವಾರ ಮತ್ತೊಂದು ಕಡೆಯ ನೀರಿಗೆ ಅದೇ ಬಾಟಲಿಯ ಆ್ಯಸಿಡ್ ಬಳಸಿದೆ. ಶುಕ್ರವಾರ ಯಂತ್ರದಲ್ಲಿ ಬ್ಲ್ಯಾಂಕ್ ಶುದ್ಧವಾಗಿ ಬಂತು, ಏನೇನೂ ಸೀಸವಿಲ್ಲ. ಸಹೋದ್ಯೋಗಿ ಬಾಟಲಿ ಒಳ್ಳೆಯದೇ ಗುರು ಎಂದು ಖುಷಿಪಟ್ಟರು. ನನಗೆ ಮಾತ್ರ ಒಂದು ಲೆಕ್ಕ ತಾಳೆಯಾಗಲಿಲ್ಲ. ಬಾಟಲಿ ಒಳ್ಳೆಯದಾದರೆ ಹೋದ ಸಲದ ಸೀಸ ಎಲ್ಲಿಂದ ಬಂತು? ಗೂಡಿನ ಹತ್ತಿರ ಹೋಗಿ ಬಗ್ಗಿ ಒಳಗೆ ನೋಡಿದೆ. ಮುಂದಿನ ಎಡಮೂಲೆಯ ನೆತ್ತಿಗೆ ಸರಿಯಾಗಿ, ವಿಭೂತಿಯ ಮೂರು ಪಟ್ಟೆಗಳ ನಡುವೆ, ಕುಂಕುಮ ಶಾಖಕ್ಕೆ ಒಣಗಿ ಬಿರುಕುಬಿಟ್ಟಿತ್ತು. ಅರ್ಧ ಬೊಟ್ಟು ಉದುರಿಹೋಗಿತ್ತು.

ಸೀಸ ಬಿದ್ದದ್ದು ಬ್ಲ್ಯಾಂಕಿಗೆ ಮಾತ್ರ. ಹಿಂದಿನ ಸಾಲಿನ ಬಾವಿನೀರಿಗೆ ಬಿದ್ದಿರಲಿಲ್ಲ. ಇಲ್ಲದ ಸೀಸವನ್ನು ನಾವು ಅದರಿಂದ ಕಳೆದಿದ್ದೆವು. ಮಕ್ಕಳ ನೀರು ಮಿತಿಯ ಮೇಲಿತ್ತು, ನನ್ನ ಕುಂಕುಮ ಅದನ್ನು ಕೆಳಗೆ ಇಳಿಸಿತ್ತು.

ಸಹೋದ್ಯೋಗಿಗೆ ಹೇಳಿದಾಗ ಅವರು ನಗಲಿಲ್ಲ. ನನ್ನ ಚೀಲದಲ್ಲಿದ್ದ ಕುಂಕುಮದ ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಆ್ಯಸಿಡ್ಡಿನಲ್ಲಿ ಕರಗಿಸಿಕೊಡು ಎಂದರು. ಕೊಟ್ಟೆ. ಯಂತ್ರದ ಮುಳ್ಳು ಅಳತೆಯ ಆಚೆಗೇ ಹೋಯಿತು. ಬಣ್ಣಕ್ಕೆಂದು ಸೀಸದ ಸಿಂಧೂರ ಬೆರೆಸುತ್ತಾರಂತೆ, ಅದಕ್ಕೇ ಅಷ್ಟು ಕೆಂಪು. ಅದೇ ಕುಂಕುಮ ನನ್ನ ಹಣೆಯ ಮೇಲೂ ಇತ್ತು. ಒರೆಸಿಕೊಳ್ಳಲು ಕೈ ಎತ್ತಿದೆ, ಬರಿಹಣೆ ಅಪಶಕುನ ಎಂದು ಕೈ ತಾನಾಗಿ ನಿಂತಿತು. ಆಮೇಲೆ ಬಚ್ಚಲಿಗೆ ಹೋಗಿ ಕಣ್ಣುಮುಚ್ಚಿಕೊಂಡು ತೊಳೆದುಕೊಂಡೆ.

ಇನ್ನು ಸಾಹೇಬರಿಗೆ ಹೇಳಬೇಕು. ಕೆಲಸ ಹೋದರೆ ಬಿಟಿಎಂ ಕೋಣೆ ಹೋಯಿತು, ಊರಿಗೆ ಹೋಗಿ ಅವ್ವನ ಮುಂದೆ ಕೂರಬೇಕು, ವರ್ಷದೊಳಗೆ ಮದುವೆ. ಸಹೋದ್ಯೋಗಿ ಸಮಾಧಾನ ಹೇಳಿದರು: ಬರೀ ಅನುಮಾನ ಹಿಡ್ಕೊಂಡು ಯಾರ ಹತ್ರಾನೂ ಹೋಗಬೇಡ, ಹೊಸದಾಗಿ ನೀರು ತಂದು ಮಾಡಿ ನೋಡೋಣ, ಮೊದಲು ತಿಳ್ಕೊ, ಆಮೇಲೆ ಹೇಳು. ಲ್ಯಾಬಿನವರ ಮಾತು, ಸರಿಯಾದ ಮಾತೇ. ಹಳೆಯ ಸ್ಯಾಂಪಲ್ಲು ಉಳಿದಿರಲಿಲ್ಲ, ಕ್ಯಾನು ಬೇಕೆಂದು ನಾನೇ ಚೆಲ್ಲಿ ತೊಳೆದಿಟ್ಟಿದ್ದೆ.

ಶನಿವಾರ ಬೆಳಿಗ್ಗೆ ತೊಳೆದ ಬಾಟಲಿ ಹಿಡಿದು ಸಾರಕ್ಕಿಗೆ ನಡೆದೆ. ಜಂಕ್ಷನ್ನಿನ ಗದ್ದಲ ದಾಟಿ ಹಳೇ ಊರಿನೊಳಗೆ ಕಾಲಿಟ್ಟರೆ ಗಲ್ಲಿಗಳು, ಹಸು, ಹೆಂಚಿನ ಮನೆಗಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನದು ಇನ್ನೂ ಕಡೆ, ಯಾರೂ ಕಳ್ಳಿ ಎನ್ನದಿದ್ದರೂ ಹೆಗಲು ಒರೆಸಿಕೊಳ್ಳುತ್ತಾ ಹೋಗುತ್ತಿದ್ದೆ. ಮನೆ ಸಿಕ್ಕಿತು. ಒಳಗಿನಿಂದ ಮಕ್ಕಳು ಮಗ್ಗಿ ಕೂಗುವುದು ಕೇಳುತ್ತಿತ್ತು. ಬಾಗಿಲ ಪಕ್ಕ ಒಂದು ಹಿತ್ತಾಳೆ ಕೊಳಗ, ಅದರ ಸುತ್ತ ಮಕ್ಕಳ ಸ್ಟೀಲಿನ ಲೋಟಗಳು.

ಆಕೆ ನನ್ನನ್ನು ಕಂಡು ಸಂತೋಷಪಟ್ಟರು. ಇನ್ನೊಂದು ಪರೀಕ್ಷೆ ಬಾಕಿ ಇದೆ, ಸ್ವಲ್ಪ ನೀರು ಬೇಕು ಎಂದೆ. ಏನು ಪರೀಕ್ಷೆ ಎಂದು ಕೇಳಿದರು. ಮಾಮೂಲಿ, ದಾಖಲೆಗೆ ಎಂದೆ. ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. ಅವರು ಪಂಪು ಒತ್ತಿದರು, ನಾನು ಬಾಟಲಿ ತುಂಬಿಕೊಂಡೆ. ಅಷ್ಟಕ್ಕೆ ಬಿಡುವವರೇ ಅವರು? ಬಿಸಿಲಲ್ಲಿ ನಡೆದು ಬಂದಿದ್ದೀರಿ, ಹಾಗೇ ಹೋಗಬಾರದು ಎಂದು ಒಳಗೆ ಹೋಗಿ ಬೆಲ್ಲದ ತುಂಡು ತಂದು ಕೈಯಲ್ಲಿಟ್ಟರು. ಇನ್ನೊಮ್ಮೆ ಪಂಪು ಒತ್ತಿ ಲೋಟ ತುಂಬಿ ಕೊಟ್ಟರು. ಮಕ್ಕಳು ಮಗ್ಗಿ ನಿಲ್ಲಿಸಿ ಬಾಗಿಲಲ್ಲಿ ಗುಂಪುಗೂಡಿ ನನ್ನನ್ನೇ ನೋಡುತ್ತಿದ್ದರು.

ಬೇಡ ಎನ್ನಬಹುದಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದರೆ ಹೇಳಬೇಕು. ಬಾಯಾರಿಕೆ ಇಲ್ಲ ಎನ್ನೋಣವೆಂದರೆ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ನಮ್ಮ ಕಡೆ ಬೆಲ್ಲ ನೀರು ಕೊಟ್ಟಾಗ ಮುಟ್ಟದೆ ಎದ್ದರೆ ಆ ಮನೆಗೆ ಅವಮಾನ. ಒಂದು ಲೋಟದಿಂದ ನನಗೇನಾಗುತ್ತದೆ, ನಾನು ದೊಡ್ಡವಳು ಎಂದುಕೊಂಡು ಲೋಟ ಎತ್ತಿ ಕುಡಿದೆ. ಹೆದರಿಕೆಗೆ ನೀರಿನ ರುಚಿಯೇ ತಿಳಿಯಲಿಲ್ಲ. ಕುಡಿಯುವಷ್ಟು ಹೊತ್ತೂ ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಉಪಚಾರದ ನೋಟ ಎಂದುಕೊಂಡೆ.

ಭಾನುವಾರ ಲ್ಯಾಬಿಗೆ ರಜೆ. ಕೋಣೆಯ ಹುಡುಗಿಯರು ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿಗೆ ಹೋಗೋಣ ಬಾ ಎಂದರು. ಹೋದೆ. ಅಲ್ಲಿ ಯಾರೋ ತಾಯಿ ಮಗುವಿಗೆ ಬಾಟಲಿಯಿಂದ ನೀರು ಕುಡಿಸುತ್ತಿದ್ದಳು, ಅದನ್ನು ನೋಡಿ ನನಗೆ ಅಳು ಬಂತು. ಹೊಟ್ಟೆನೋವು ಎಂದು ಸುಳ್ಳು ಹೇಳಿ ವಾಪಸು ಬಂದೆ. ಸೋಮವಾರ ಲ್ಯಾಬಿಗೆ ಎಲ್ಲರಿಗಿಂತ ಮೊದಲು ಹೋಗಿ ಗೂಡಿನ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಉಜ್ಜಿದೆ. ಉಜ್ಜುವಾಗ ಅವ್ವನಿಗೂ ದೇವರಿಗೂ ತಪ್ಪಾಯಿತು ಎಂದು ಬಾಯಲ್ಲೇ ಹೇಳಿಕೊಂಡೆ. ನಂತರ ಹೊಸ ನೀರು ಕುದಿಯಲು ಇಟ್ಟೆ. ಈ ಸಲ ಮೂರು ಬ್ಲ್ಯಾಂಕ್ ಇಟ್ಟೆ, ಮುಂದೊಂದು, ನಡುವೆ ಒಂದು, ಹಿಂದೊಂದು. ನೀರು ಬೇಗ ಇಳಿಯಲೆಂದು ಶಾಖ ಹೆಚ್ಚಿಸುವಂತಿಲ್ಲ, ಕುದಿದು ಸಿಡಿದರೆ ಸೀಸವೂ ಸಿಡಿದು ಹೋಗುತ್ತದೆ. ಸಣ್ಣ ಗುಳ್ಳೆಗಳು ಏಳುವುದನ್ನು ನೋಡುತ್ತಾ ದಿನವೆಲ್ಲ ನಿಂತೆ. ಸಾರಕ್ಕಿಯ ಮಕ್ಕಳು ಈಗ ಬಂದಿರುತ್ತಾರೆ, ಈಗ ಊಟಕ್ಕೆ ಕೂತಿರುತ್ತಾರೆ, ಈಗ ಲೋಟ ಹಿಡಿದಿರುತ್ತಾರೆ ಎಂದು ಗಡಿಯಾರ ನೋಡಿದಾಗಲೆಲ್ಲ ಅನ್ನಿಸುತ್ತಿತ್ತು. ಓಡಿಹೋಗಿ ಹೇಳಿಬಿಡಲೇ ಎಂದು ಎರಡು ಸಲ ಚಪ್ಪಲಿ ಮೆಟ್ಟಿದೆ. ಮೊದಲು ತಿಳ್ಕೊ ಎಂಬ ಮಾತು ನೆನಪಾಗಿ ಎರಡು ಸಲವೂ ಬಿಟ್ಟೆ. ನಿಜ ಹೇಳಬೇಕೆಂದರೆ, ಆ ಮಾತು ನನ್ನ ಅಂಜಿಕೆಗೆ ಹೇಳಿ ಮಾಡಿಸಿದ ನೆವವಾಗಿತ್ತು.

ಮಂಗಳವಾರ ಮಧ್ಯಾಹ್ನ ಯಂತ್ರಕ್ಕೆ ಕೊಟ್ಟೆವು. ಮೂರೂ ಬ್ಲ್ಯಾಂಕ್ ಶುದ್ಧ. ಬಾವಿಯ ನೀರು ಮಿತಿಯ ಮೇಲೆ, ಈ ಸಲ ಕೂದಲೆಳೆಯ ಮಾತೇ ಇಲ್ಲ. ಸಹೋದ್ಯೋಗಿ ಯಂತ್ರದಿಂದ ಬಂದ ಕಾಗದ ಹರಿದು ನನ್ನ ಕೈಗಿಟ್ಟರು.

ಸಾಹೇಬರು ಸಂಜೆಯವರೆಗೂ ಹೊರಗಿದ್ದರು. ಬಂದ ಮೇಲೆ ಅವರ ಮೇಜಿನ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಬೈಗುಳಕ್ಕೆ ಕಾದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಪೂಜೆ ಮಾಡು ಅಂದೋನು ನಾನೇ, ಸಹಿ ಹಾಕಿದೋನೂ ನಾನೇ ಎಂದರು. ಹೊಸ ರಿಪೋರ್ಟು ಬರೆಸಿದರು. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದು, ಹೋಗಿ ಕೈಗೆ ಕೊಟ್ಟು ಬಾ, ಬಾಯಲ್ಲೂ ಹೇಳು ಎಂದರು. ನಾಲ್ಕು ದಿನ ನಾನು ಹೆದರಿ ಸತ್ತದ್ದು ಇವರಿಗೆ. ಮೆಟ್ಟಿಲಿಳಿಯುವಾಗ ಎದೆ ಹಗುರಾಗಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಬುಧವಾರ ನಾನು ಹೋದಾಗ ಮಕ್ಕಳ ತಿಂಡಿಯ ಹೊತ್ತು. ನಡುಮನೆಯಲ್ಲಿ ಸಾಲಾಗಿ ಕೂತು ಡಬ್ಬಿ ಬಿಚ್ಚಿದ್ದರು. ಆಕೆಯನ್ನು ಅಂಗಳಕ್ಕೆ ಕರೆದು ಹೇಳಿದೆ. ನೀರಿನಲ್ಲಿ ಸೀಸ ಇದೆ, ಮೊದಲ ರಿಪೋರ್ಟು ತಪ್ಪು, ತಪ್ಪು ನನ್ನದು, ಇನ್ನು ಇದನ್ನು ಮಕ್ಕಳಿಗೆ ಕೊಡಬಾರದು. ಅವರು ಕಾಗದವನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಶನಿವಾರ ಬಂದಿದ್ರಲ್ಲ. ಆವಾಗ್ಲೇ ಗೊತ್ತಿತ್ತಾ?"

"ಅನುಮಾನ ಇತ್ತ್ರಿ."

"ಮತ್ತೆ ಕುಡಿದ್ರಿ?"

ಆಕೆ ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಏರಿಸಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನಿಮ್ಮ ಕಾಗದ ನಂಗೆ ಓದಕ್ಕೆ ಬರಲ್ಲಮ್ಮ. ನೀವು ಕುಡೀಬಹುದು ಅಂದ್ರಿ, ಆದ್ರೂ ಮನಸ್ಸು ಒಪ್ಪಲಿಲ್ಲ. ಅನುಮಾನ ಬಂದಾಗಿನಿಂದ ಎರಡು ಬೀದಿ ಆಚೆ ನಲ್ಲಿಯಿಂದ ನಾನೇ ಹೊತ್ಕೊಂಡು ಬರ್ತಿದ್ದೆ. ಶನಿವಾರ ನೀವು ಕುಡಿದಿದ್ದು ನೋಡ್ದೆ. ಲ್ಯಾಬಿನೋರೇ ಕುಡೀತಾರೆ ಅಂತ ಸೋಮವಾರದಿಂದ ಪಂಪಿನ ನೀರು ಕೊಟ್ಟೆ."

ಹಾಗೆಂದು ಅವರು ಸರಸರನೆ ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ಅವರು ಮಕ್ಕಳ ಸಾಲಿನಲ್ಲಿ ಬಗ್ಗಿ ಬಗ್ಗಿ ಒಂದೊಂದೇ ಲೋಟ ಕಿತ್ತುಕೊಳ್ಳತೊಡಗಿದರು. ಏನು, ಯಾಕೆ ಎಂದು ತಿಳಿಯದೆ ಮಕ್ಕಳು ಸುಮ್ಮನೆ ಕೊಟ್ಟವು. ಕೊನೆಯಲ್ಲಿ ಕೂತಿದ್ದ, ಎರಡು ಜಡೆಯ ಒಂದು ಸಣ್ಣ ಹುಡುಗಿ ಮಾತ್ರ ಲೋಟ ಬಿಡಲಿಲ್ಲ. ಲೋಟದಲ್ಲಿ ನೀರು ಬಿಡಬಾರದು ಎಂದು ಅವರೇ ಕಲಿಸಿದ್ದರಂತೆ. ಅವರು ತನ್ನ ಹತ್ತಿರ ಬರುವುದರೊಳಗೆ ಅವಳು ಎರಡೂ ಕೈಯಲ್ಲಿ ಲೋಟ ಎತ್ತಿ ಗಟಗಟನೆ ಕೊನೆಯ ಹನಿಯವರೆಗೆ ಕುಡಿದು, ಬಾಯಿ ಒರೆಸಿಕೊಂಡು, ಖಾಲಿ ಲೋಟವನ್ನು ಅವರ ಕೈಗೆ ಕೊಟ್ಟಳು.